ಶ್ರೀರಂಗಪಟ್ಟಣದ ಜಯಪದಕ

ಹೆಬ್ಬೂರು, ಕುಣಿಗಲು ಮೊದಲಾದ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಆಂಗ್ಲರ ಕಾಲದ ಲೋಹದ ಬಿಲ್ಲೆಯೊಂದು ದೊರೆತರೆ ಅದನ್ನು ನಾಣ್ಯವೆಂದು ಭಾವಿಸುವುದು ಸಹಜವೇ. ಆದರೆ ಚಲಾವಣೆಯ ಬೆಲೆಯಿಲ್ಲದೆ, ಯಾವುದೋ ಒಂದು ಘಟನೆಯ ನೆನಪಿಗಾಗಿಯೇ ಅಚ್ಚಾದುದು ನಾಣ್ಯವಲ್ಲ, ಪದಕ. ಕನ್ನಡನಾಡಿಗೆ ಸಂಬಂಧಿಸಿದ ಇಂತಹವುಗಳಲ್ಲಿ ಶ್ರೀರಂಗಪಟ್ಟಣದ ಜಯಪದಕವು ಮುಖ್ಯವಾದುದು.

1799ನೆಯ ಮೇ 4ರಂದು ಕೋಟೆಯು ಬಿದ್ದು ಟೀಪೂ ಸುಲ್ತಾನನು ಮಡಿದ ಮೇಲೆ, ಈಸ್ಟ್ ಇಂಡಿಯಾ ಕಂಪೆನಿಯು ಈ ಪದಕವನ್ನು ಮಾಡಿಸಿತು. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಗಾಗಿ ಇದರ ಅಚ್ಚನ್ನು ಕೊರೆದವನು ಕುಕ್ಲರ್. 1808ರಲ್ಲಿ ಇದು ಹಂಚಲ್ಪಟ್ಟಿತು. ಹಿರಿಯ ಸೇನಾಪತಿಗಳಿಗೆ ಚಿನ್ನ, ಸಾಮಾನ್ಯ ಸೈನಿಕರಿಗೆ ತವರ. ನಡುವಣವರಿಗೆ ಪದವಿಗನುಸಾರವಾಗಿ ಬೆಳ್ಳಿ, ಕಂಚು. ಸೋಹೋ ಪದಕದ ಅಡ್ಡಳತೆ ಸುಮಾರು 48 ಮಿಲಿಮೀಟರು. ಕಲ್ಕತ್ತೆಯಲ್ಲಿ ಅಚ್ಚಾದುದು ಸುಮಾರು 45 ಮಿಲಿಮೀಟರಿನದು, ಕೆಲಸವೂ ಒರಟು. ಇವೆರಡನ್ನು ಬೇರ್ಪಡಿಸಲು ಅಳತೆಯೇ ಮೊದಲ ಗುರುತು.

ಮುಂಬದಿಯಲ್ಲಿ ಸಿಂಹವು ಹುಲಿಯನ್ನು ಕೆಡವಿದೆ. ಕೆಳಗೆ ರೋಮನ್ ಅಂಕಿಗಳಲ್ಲಿ ಜಯದ ದಿನ. ಹಿಂಬದಿಯಲ್ಲಿ ಕೋಟೆಯ ಬಿರುಕಿನತ್ತ ನುಗ್ಗುವ ಸೇನೆ, ಮೇಲೆ ನಡುಹಗಲಿನ ಸೂರ್ಯ. ಹುಲಿಯು ಟೀಪುವಿನ ಲಾಂಛನವಾದುದರಿಂದ ಚಿತ್ರದ ಅರ್ಥವು ಸುಲಭವಾಗಿಯೇ ತಿಳಿಯುತ್ತದೆ.

ಆದರೆ ಚಿತ್ರವನ್ನು ಮಾತ್ರ ನೋಡಿದವರಿಗೆ ಇದರ ತಿರುಳು ದೊರೆಯದು. ಸಿಂಹದ ಮೇಲಣ ಪತಾಕೆಯಲ್ಲಿ ‘ಅಸದುಲ್ಲಾ ಅಲ್-ಗಾಲಿಬ್’, ಎಂದರೆ ‘ದೇವರ ಸಿಂಹವೇ ವಿಜಯಿ’, ಎಂಬ ಅರಬ್ಬೀ ಲಿಪಿಯಿದೆ. ‘ದೇವರ ಸಿಂಹ’ವೆಂಬುದು ಹಜರತ್ ಅಲಿಯ ಬಿರುದು. ಈ ವಾಕ್ಯದ ಅಕ್ಷರಗಳನ್ನೇ ಹುಲಿಯ ಮುಖವಾಗಿ ಹೆಣೆದು ಟೀಪುವು ತನ್ನ ಆಯುಧಗಳ ಮೇಲೆ ಬಳಸುತ್ತಿದ್ದನು. ಅವನಲ್ಲಿ ಹುಲಿಯ ರೂಪ ತಾಳಿದ್ದ ಮಾತು ಇಲ್ಲಿ ಬಿದ್ದ ಹುಲಿಯ ಮೇಲೆ ಹಾರಾಡುತ್ತಿದೆ. ಹಿಂಬದಿಯ ಪಾರಸಿ ಬರೆಹವೂ ಇದಕ್ಕೆ ಜೊತೆಯಾಗಿದೆ: ಹಿಜರಿ 1213ರಲ್ಲಿ ಶ್ರೀರಂಗಪಟ್ಟಣವನ್ನು ದೇವರು ಕೊಟ್ಟನೆಂದು ಅದು ಸಾರುತ್ತದೆ. ಅಲ್ಲಿ ಕಾಣುವ ‘ಖುದಾ ದಾದ್’ ಎಂಬ ಪದಗಳಿಂದಲೇ ಟೀಪುವು ತನ್ನ ಆಳಿಕೆಗೆ ‘ಸರ್ಕಾರ್-ಇ-ಖುದಾದಾದ್’, ಎಂದರೆ ದೈವದತ್ತ ಸರ್ಕಾರ, ಎಂದು ಹೆಸರಿಟ್ಟಿದ್ದನು.

ಸೋತವನ ರಾಜ್ಯದೊಡನೆ ಅವನ ಮಾತುಗಳೂ ಗೆದ್ದವರ ಪಾಲಾದುವು. ಆದುದರಿಂದ ಇಂತಹ ಪದಕವನ್ನು ಗುರುತಿಸುವವರು ಲೋಹವನ್ನು ತೂಗಿ, ಅಂಚನ್ನು ಅಳೆದು ನಿಲ್ಲಬಾರದು. ಅದರ ಲಿಪಿಯು ಮೊದಲು ಯಾರದಾಗಿತ್ತೆಂಬುದನ್ನೂ ವಿಚಾರಿಸಬೇಕು. ಚರಿತ್ರೆಯು ಉಳಿದಿರುವುದು ಆ ಅಕ್ಷರಗಳಲ್ಲಿ.