ಮಿಂಚಂಚೆಯ ಜರಡಿ ಮತ್ತು ಮೊರ

ಧಾನ್ಯವನ್ನು ಹಸನುಮಾಡುವುದಕ್ಕೆ ನಮ್ಮ ಹಿರಿಯರ ಮನೆಗಳಲ್ಲಿ ಎರಡು ಸಾಧನಗಳಿದ್ದುವು. ಜರಡಿಯ ಕಣ್ಣು ಎಷ್ಟು ಅಗಲವಿರಬೇಕೆಂಬುದನ್ನು ಹೆಣೆದವನೇ ನಿಶ್ಚಯಿಸಿಬಿಟ್ಟಿರುವುದರಿಂದ ಅದಕ್ಕಿಂತ ಸಣ್ಣದು ಕೆಳಕ್ಕೆ ಉದುರುತ್ತದೆ, ದೊಡ್ಡದು ಮೇಲೆ ನಿಲ್ಲುತ್ತದೆ. ಅಲ್ಲಿ ಊಹೆಗೆ ಎಡೆಯಿಲ್ಲ. ಮೊರದ ಕೆಲಸ ಬೇರೆ. ಕೇರುವವಳ ಕೈ ವರ್ಷಗಳ ಅಭ್ಯಾಸದಿಂದ ಹೊಟ್ಟಿನ ಹಗುರವನ್ನೂ ಕಾಳಿನ ತೂಕವನ್ನೂ ಬಲ್ಲುದಾದ ಕಾರಣ, ಒಂದೊಂದು ಚಿಮ್ಮಿಗೂ ಹೊಟ್ಟು ಮುಂದಕ್ಕೆ ಹಾರಿ ಕಾಳು ಹಿಂದಕ್ಕೆ ಸರಿಯುತ್ತದೆ. ಕೈ ಪಳಗದಿದ್ದರೆ ಹೊಟ್ಟಿನೊಡನೆ ನಾಲ್ಕು ಕಾಳೂ ಅಂಗಳಕ್ಕೆ ಬೀಳುವುದುಂಟು. ಇಂದು ನಾವೆಲ್ಲರೂ ನಿತ್ಯವೂ ತೆರೆದು ನೋಡುವ ಮಿಂಚಂಚೆಯ ಪೆಟ್ಟಿಗೆಯ ಬಾಗಿಲಲ್ಲಿಯೂ ಇಂಥವೇ ಎರಡು ಸಾಧನಗಳು ಅಕ್ಕಪಕ್ಕದಲ್ಲಿ ದುಡಿಯುತ್ತಿವೆ: ಪೆಟ್ಟಿಗೆಯ ಒಡೆಯನು ತಾನೇ ಬರೆದಿಟ್ಟ ನಿಯಮಗಳದೊಂದು, ರದ್ದಿ ಅಂಚೆಯನ್ನು ಅನುಭವದಿಂದ ಗುರುತಿಸುವ ಶೋಧಕದ್ದೊಂದು. ಇವು ಹುಟ್ಟಿದ ಕಾಲವೂ ಬೇರೆ, ಹುಟ್ಟಿಗೆ ಕಾರಣವೂ ಬೇರೆ. ಅದನ್ನು ತಿಳಿದವರಿಗಲ್ಲದೆ ಇವುಗಳಲ್ಲಿ ಯಾವುದನ್ನು ಮುಂದೆ ನಿಲ್ಲಿಸಬೇಕು, ಯಾವುದನ್ನು ಹಿಂದೆ ನಿಲ್ಲಿಸಬೇಕು ಎಂಬುದು ಸ್ಪಷ್ಟವಾಗಲಾರದೆಂದು ನನ್ನ ಅಭಿಪ್ರಾಯ.

ಅಮೆರಿಕದ ಸಂಶೋಧನಾಲಯಗಳನ್ನು ಬೆಸೆದಿದ್ದ ಆರ್ಪಾನೆಟ್ ಜಾಲದಲ್ಲಿ ರೇ ಟಾಮ್ಲಿನ್ಸನ್ ಅವರು ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ ಪತ್ರವನ್ನು ಸಾಗಿಸಿದ್ದು 1971ರಲ್ಲಿ. ಅದಾಗಿ ನಾಲ್ಕೇ ವರ್ಷಗಳಲ್ಲಿ, 1975ರ ನವೆಂಬರ್ ತಿಂಗಳಿನಲ್ಲಿ, ಜಾನ್ ಪೋಸ್ಟೆಲ್ ಅವರು 706ನೆಯ ಆರ್‌ಎಫ್‌ಸಿ ಎಂಬ ಕಿರಿದಾದ ಟಿಪ್ಪಣಿಯೊಂದನ್ನು ಬರೆದು, ಬೇಡವಾದ ಸಂದೇಶವನ್ನು ನಿರಾಕರಿಸುವುದಕ್ಕೆ ಗ್ರಾಹಕ ಯಂತ್ರಕ್ಕೆ ಯಾವ ಉಪಾಯವೂ ಇಲ್ಲವೆಂಬ ನ್ಯೂನತೆಯನ್ನು ಎತ್ತಿ ತೋರಿಸಿದರು. ರದ್ದಿ ಅಂಚೆಯ ಸಮಸ್ಯೆಯೆಂದೇ ಅವರು ಅದಕ್ಕೆ ಹೆಸರಿಟ್ಟಿದ್ದರು. ರೋಗವು ಹರಡುವುದಕ್ಕೆ ಮೊದಲೇ ಅದರ ಲಕ್ಷಣವನ್ನು ಕಂಡುಹಿಡಿದ ವೈದ್ಯರಂತೆ ಅವರು ನನಗೆ ತೋರುತ್ತಾರೆ. ಏಕೆಂದರೆ 1978ರ ಮೇ ತಿಂಗಳ ಮೊದಲ ವಾರದಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯ ಗ್ಯಾರಿ ಥ್ಯೂರ್ಕ್ ಅವರು, ತಮ್ಮ ಹೊಸ ಗಣಕಯಂತ್ರದ ಪ್ರದರ್ಶನಕ್ಕೆ ಆಹ್ವಾನವೆಂದು, ಸುಮಾರು 400 ಮಂದಿಗೆ ಒಂದೇ ಪತ್ರವನ್ನು ಕಳುಹಿಸಿಯೇಬಿಟ್ಟರು. ವಿಳಾಸಗಳು ಎಷ್ಟೆಂದರೆ, ಅವುಗಳಿಗಾಗಿ ಇದ್ದ ಜಾಗ ಸಾಲದೆ, ಉಳಿದವು ಪತ್ರದ ಒಡಲಿಗೇ ಹರಿದುಬಂದುವು.

ಆದರೂ ನಿಯಮಗಳು ಹುಟ್ಟಿದ್ದು ಇಂಥ ಜಾಹೀರಾತುಗಳನ್ನು ತಡೆಯುವುದಕ್ಕೆಂದಲ್ಲ. ಗಣಕಶಾಸ್ತ್ರಜ್ಞರ ಸಂಘವಾದ ಎಸಿಎಮ್‌ನ ಅಧ್ಯಕ್ಷರಾಗಿದ್ದ ಪೀಟರ್ ಡೆನ್ನಿಂಗ್ ಅವರು 1982ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ಬರೆದಾಗ, ಅವರನ್ನು ಪೀಡಿಸುತ್ತಿದ್ದುದು ಸಹೋದ್ಯೋಗಿಗಳ, ಸಮಿತಿಗಳ, ಪರಿಚಿತರ ಪತ್ರಗಳ ಪ್ರವಾಹವೇ. ಒಳ್ಳೆಯ ಪತ್ರಗಳೇ ಮಿತಿಮೀರಿದಾಗ ತುರ್ತಿನದನ್ನು ಸಾವಕಾಶದ್ದರಿಂದ ಬೇರ್ಪಡಿಸುವುದು ಹೇಗೆ ಎಂಬುದು ಅಂದಿನ ಪ್ರಶ್ನೆಯಾಗಿತ್ತು. ಎಂಐಟಿಯ ಥಾಮಸ್ ಮಲೋನ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ‘ಇನ್‌ಫರ್ಮೇಶನ್ ಲೆನ್ಸ್’ ಎಂಬ ವ್ಯವಸ್ಥೆಯಲ್ಲಿ, ಕ್ರಮವಿಧಿ ಬರೆಯಲು ಬಾರದ ಸಾಮಾನ್ಯನೂ ‘ಹೀಗಿದ್ದರೆ ಹೀಗೆ ಮಾಡು’ ಎಂಬ ನಿಯಮಗಳನ್ನು ತಾನೇ ರಚಿಸಿಕೊಳ್ಳಬಹುದಾಗಿತ್ತು. ಇದನ್ನು ಬಳಸಿದವರನ್ನು ಪರಿಶೀಲಿಸಿ ವೆಂಡಿ ಮೆಕೇ ಮೊದಲಾದವರು 1989ರಲ್ಲಿ ತಿಳಿಸಿದ ಸಂಗತಿ ಸ್ವಾರಸ್ಯವಾಗಿದೆ: ಕೆಲವರು ಓದುವುದಕ್ಕೆ ಮುಂಚೆ ಪತ್ರಗಳನ್ನು ಮಹತ್ತ್ವದ ಕ್ರಮದಲ್ಲಿ ವಿಂಗಡಿಸಲು ನಿಯಮಗಳನ್ನು ಬಳಸಿದರೆ, ಮತ್ತೆ ಕೆಲವರು ಓದಿಯಾದ ಮೇಲೆ ಅವನ್ನು ಒಪ್ಪವಾಗಿ ಕಾಪಿಡುವುದಕ್ಕೆ ಬಳಸುತ್ತಿದ್ದರು. ಎರಡು ಬಗೆಯವರಿಗೂ ಪತ್ರ ಬೇಕಾದದ್ದೇ. ನಿಯಮವೆಂಬುದು ತನ್ನ ಜನ್ಮದಲ್ಲಿ ಬೇಕಾದವರನ್ನು ಸ್ವಾಗತಿಸುವ ಸಾಧನವಾಗಿತ್ತೆಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

1990ರಲ್ಲಿ ಸ್ಟೀಫನ್ ವಾನ್ ಡೆನ್ ಬರ್ಗ್ ಅವರು ಬರೆದ ಪ್ರಾಕ್‌ಮೇಲ್ ಎಂಬ ತಂತ್ರಾಂಶ ಈ ವಿದ್ಯೆಯನ್ನು ಯುನಿಕ್ಸ್ ಯಂತ್ರಗಳ ಬಳಕೆದಾರರೆಲ್ಲರ ಕೈಗೆ ತಲಪಿಸಿತು. ಅದರ ಒಂದೊಂದು ನಿಯಮವನ್ನೂ ಅವರು ಅಡುಗೆಯವರ ಮಾತಿನಲ್ಲಿ ‘ರೆಸಿಪಿ’ ಎಂದೇ ಕರೆದರು. ಅದರ ರೂಪ ಬಹಳ ಮಿತವಾದುದು. ಮೊದಲನೆಯ ಸಾಲಿನಲ್ಲಿ ಎರಡು ಚುಕ್ಕೆ, ಒಂದು ಸೊನ್ನೆ. ಎರಡನೆಯ ಸಾಲಿನಲ್ಲಿ ನಕ್ಷತ್ರಚಿಹ್ನೆಯ ಮುಂದೆ, ಕಳುಹಿಸಿದವರ ಹೆಸರಿನಲ್ಲಿಯೋ ವಿಷಯದ ಸಾಲಿನಲ್ಲಿಯೋ ಹುಡುಕಬೇಕಾದ ಅಕ್ಷರಗಳು. ಮೂರನೆಯದರಲ್ಲಿ ಪತ್ರವು ಸೇರಬೇಕಾದ ಕಡತದ ಹೆಸರು. ಬಂದ ಪತ್ರವನ್ನು ಯಂತ್ರವು ಮೇಲಿನ ನಿಯಮದಿಂದ ಆರಂಭಿಸಿ ಒಂದೊಂದರ ಮುಂದೆಯೂ ಹಿಡಿದು ನೋಡಿ, ಎಲ್ಲಿ ಹೊಂದಿತೋ ಅಲ್ಲಿಯೇ ಒಪ್ಪಿಸಿ ಕೆಲಸ ಮುಗಿಸುವುದು. ಯಾವುದಕ್ಕೂ ಹೊಂದದಿದ್ದರೆ ಸಾಮಾನ್ಯ ಪೆಟ್ಟಿಗೆಗೆ ಹಾಕುವುದು. ಆದಕಾರಣ ನಿಯಮದ ಮಾತಿನಷ್ಟೇ ಅದರ ಸ್ಥಾನವೂ ಮುಖ್ಯ. ಅದೇ ಹತ್ತು ನಿಯಮಗಳನ್ನು ಕೆಳಗುಮೇಲಾಗಿ ಬರೆದರೆ ಪತ್ರಗಳು ಬೇರೆಬೇರೆಯ ಕಡತಗಳಲ್ಲಿ ದೊರೆಯುತ್ತವೆ.

ಇಷ್ಟರಲ್ಲಿ ಪ್ರವಾಹದ ಸ್ವರೂಪವೇ ಬದಲಾಯಿತು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡಿನ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಬಾರಿಗೆ ಸುರಿದರು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಭಾರತದ ಸಾರ್ವಜನಿಕರಿಗೂ ಅಂತರಜಾಲದ ಬಾಗಿಲು ತೆರೆಯಿತು. ಮರುವರ್ಷ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ ಕೂಡಿ ಹಾಟ್‌ಮೇಲನ್ನು ಆರಂಭಿಸಿದ್ದರಿಂದ ಪತ್ರಪೆಟ್ಟಿಗೆಯೆಂಬುದು ಯಾರಿಗಾದರೂ ಬಿಟ್ಟಿಯಾಗಿ ದೊರೆಯುವಂತಾಯಿತು. ಪೆಟ್ಟಿಗೆಗಳೆಲ್ಲ ಕಸದಿಂದ ತುಂಬತೊಡಗಿದಾಗ ಜನರು ಕೈಯಲ್ಲಿದ್ದ ಜರಡಿಯನ್ನೇ ಅದಕ್ಕೂ ಒಡ್ಡಿದರು. ‘ಉಚಿತ’ ಎಂಬ ಮಾತು ಬಂದರೆ ಬಿಸಾಡು, ಇಂಥ ವಿಳಾಸದಿಂದ ಬಂದರೆ ಬಿಸಾಡು ಎಂದು ನಿಯಮದ ಮೇಲೆ ನಿಯಮ ಬೆಳೆಯಿತು. ಆದರೆ ಕಸ ಕಳುಹಿಸುವವನು ದಿನಕ್ಕೊಂದು ವಿಳಾಸವನ್ನು ತೊಡಬಲ್ಲನು, ಅಕ್ಷರದ ನಡುವೆ ಚುಕ್ಕೆಯಿಟ್ಟು ಮಾತನ್ನು ಮರೆಸಬಲ್ಲನು. ಪಾಲ್ ಗ್ರಹಾಂ ಎಂಬ ಕ್ರಮವಿಧಿಕಾರರು ಹೀಗೆಯೇ ಒಂದೊಂದು ಲಕ್ಷಣವನ್ನು ಹುಡುಕುವ ನಿಯಮಗಳನ್ನು ಬರೆಯುತ್ತ ಆರು ತಿಂಗಳು ಶ್ರಮಿಸಿ, ಬಿಗಿ ಹೆಚ್ಚಿದಂತೆಲ್ಲ ಒಳ್ಳೆಯ ಪತ್ರಗಳೂ ಸಿಕ್ಕಿಬೀಳುವುದನ್ನು ಕಂಡು, ಆ ದಾರಿಯನ್ನೇ ಬಿಟ್ಟರು.

ಅವರು ಹಿಡಿದ ಹೊಸ ದಾರಿಗೆ ಬೀಜವಾದದ್ದು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರ ಸಂಭಾವ್ಯತೆಯ ಪ್ರಮೇಯ. ಅದು ಬೆಳಕು ಕಂಡದ್ದು ಬೇಯ್ಸ್ ತೀರಿಕೊಂಡ ಮೇಲೆ, 1763ರಲ್ಲಿ. ರದ್ದಿ ಅಂಚೆಗೆ ಅದನ್ನು ಅನ್ವಯಿಸಬಹುದೆಂದು ಮೆಹ್ರಾನ್ ಸಹಾಮಿ ಮೊದಲಾದವರು 1998ರಲ್ಲಿಯೇ ತೋರಿಸಿದ್ದರು. ಆದರೆ ಜನಸಾಮಾನ್ಯರ ನಡುವೆ ಅದನ್ನು ಹಬ್ಬಿಸಿದ್ದು ಗ್ರಹಾಂ ಅವರು 2002ರ ಆಗಸ್ಟ್‌ನಲ್ಲಿ ಬರೆದ ಪ್ರಬಂಧ. ಸುಮಾರು 4000 ರದ್ದಿ ಪತ್ರಗಳನ್ನೂ 4000 ಒಳ್ಳೆಯ ಪತ್ರಗಳನ್ನೂ ಎರಡು ರಾಶಿ ಮಾಡಿ, ಯಾವ ಮಾತು ಯಾವ ರಾಶಿಯಲ್ಲಿ ಎಷ್ಟು ಸಾರಿ ಬರುತ್ತದೆಂದು ಎಣಿಸಿ, ಹೊಸ ಪತ್ರವೊಂದು ಬಂದಾಗ ಅದರಲ್ಲಿ ಅತ್ಯಂತ ಎದ್ದುಕಾಣುವ 15 ಮಾತುಗಳ ಸಾಕ್ಷ್ಯವನ್ನು ಮಾತ್ರ ಒಟ್ಟುಗೂಡಿಸಿ ತೀರ್ಪು ಹೇಳುವುದು ಅವರ ಕ್ರಮ. ‘ಎಫ್‌ಎಫ್0000’ ಎಂಬ ಸಂಕೇತ, ಎಂದರೆ ಅಕ್ಷರಗಳಿಗೆ ಹೊಳೆಯುವ ಕೆಂಪು ಬಣ್ಣ ಬಳಿಯುವ ಆಜ್ಞೆ, ಯಾವ ಅಶ್ಲೀಲ ಪದಕ್ಕೂ ಕಡಿಮೆಯಿಲ್ಲದಂತೆ ರದ್ದಿಯ ಗುರುತಾಗಿ ಹೊರಬಂದಿತು. ಯಾವ ಮನುಷ್ಯನೂ ಕುಳಿತು ಇಂಥ ನಿಯಮವನ್ನು ಬರೆಯುತ್ತಿರಲಿಲ್ಲವಷ್ಟೆ. ನನಗೆ ಇದಕ್ಕಿಂತಲೂ ಹೆಚ್ಚು ಹಿಡಿಸುವುದು ಆ ಲೆಕ್ಕದಲ್ಲಿ ಅಡಗಿರುವ ದಾಕ್ಷಿಣ್ಯ. ಒಳ್ಳೆಯ ಪತ್ರಗಳಲ್ಲಿ ಕಂಡ ಮಾತುಗಳ ಎಣಿಕೆಯನ್ನು ಅವರು ಬೇಕೆಂದೇ ಇಮ್ಮಡಿಮಾಡಿದರು. ಹಿಂದೆಂದೂ ಕಾಣದ ಮಾತಿಗೆ 0.4 ಎಂಬ, ನಿರ್ದೋಷದ ಕಡೆಗೆ ತುಸು ವಾಲುವ ಬೆಲೆಯನ್ನು ಕೊಟ್ಟರು. ಹೊಟ್ಟು ಉಳಿದರೂ ಚಿಂತೆಯಿಲ್ಲ, ಕಾಳು ಹೋಗಬಾರದು ಎಂಬ ಮನಸ್ಸು ಅಲ್ಲಿದೆ.

ಮೊರ ಬಂದ ಮೇಲೆ ಜರಡಿಯೇಕೆಂದು ಕೆಲವರಿಗೆ ತೋರಿದ್ದು ಸಹಜ. ಆದರೆ ಅನುಭವಿಗಳು ಎರಡನ್ನೂ ಬಿಡಲಿಲ್ಲ. ಜಸ್ಟಿನ್ ಮೇಸನ್ ಅವರು 2001ರಲ್ಲಿ ಹೊರತಂದ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಶೋಧಕವು ನೂರಾರು ಪರೀಕ್ಷೆಗಳಿಗೆ ಅಂಕ ಕೊಟ್ಟು, ಮೊತ್ತವು 5ನ್ನು ಮುಟ್ಟಿತೆಂದರೆ ಪತ್ರದ ತಲೆಯಲ್ಲಿ ರದ್ದಿಯೆಂಬ ಮುದ್ರೆಯೊತ್ತುತ್ತಿತ್ತೇ ಹೊರತು ತಾನಾಗಿ ಏನನ್ನೂ ಎಸೆಯುತ್ತಿರಲಿಲ್ಲ. ಆ ಮುದ್ರೆಯನ್ನು ನೋಡಿ ಪತ್ರವನ್ನು ಎಲ್ಲಿಗೆ ಕಳುಹಿಸಬೇಕೆಂಬ ನಿರ್ಣಯ ಪ್ರಾಕ್‌ಮೇಲಿನ ನಿಯಮಕ್ಕೆ ಸೇರಿದ್ದು. ಪರಿಚಿತರ ನಿಯಮಗಳು ಮೇಲೆ, ಶೋಧಕದ ಕರೆ ನಡುವೆ, ಮುದ್ರೆಯ ನಿಯಮ ಕೆಳಗೆ: ಇದು ಬಲ್ಲವರ ಕ್ರಮವಾಯಿತು. ಅದೇ ವರ್ಷದ ಜನವರಿಯಲ್ಲಿ 3028ನೆಯ ಆರ್‌ಎಫ್‌ಸಿಯಾಗಿ ಪ್ರಕಟವಾದ ನಿಯಮಭಾಷೆಗೆ ‘ಸೀವ್’, ಎಂದರೆ ಜರಡಿ ಎಂದೇ ಹೆಸರು. ಯಾವ ನಿಯಮವೂ ಬೇರೆ ದಾರಿ ತೋರದಿದ್ದರೆ ಪತ್ರವನ್ನು ಉಳಿಸಿಕೊಳ್ಳತಕ್ಕದ್ದು ಎಂಬುದು ಅದರ ಮೂಲಧರ್ಮ. 2004ರಲ್ಲಿ ಅದಕ್ಕೆ ಕೂಡಿಸಿದ ‘ಸ್ಪ್ಯಾಮ್‌ಟೆಸ್ಟ್’ ಎಂಬ ಅಂಗದ ಮೂಲಕ ಶೋಧಕದ ಊಹೆಯು 0ಯಿಂದ 10ರವರೆಗಿನ ಒಂದು ಅಂಕೆಯಾಗಿ ನಿಯಮದ ಕೈಗೆ ಬರುತ್ತದೆ: 0 ಎಂದರೆ ಪರೀಕ್ಷೆಯೇ ಆಗಿಲ್ಲ, 1 ಎಂದರೆ ನಿರ್ದೋಷ, 10 ಎಂದರೆ ನಿಶ್ಚಯವಾಗಿ ರದ್ದಿ. ಥಂಡರ್‌ಬರ್ಡ್ ಎಂಬ ಮಿಂಚಂಚೆಯ ತಂತ್ರಾಂಶವನ್ನು ಬಳಸುವವರು ಹೊಸ ನಿಯಮ ಬರೆಯುವಾಗ, ಇದು ರದ್ದಿಯ ವಿಂಗಡಣೆಗೆ ಮೊದಲೋ ಅನಂತರವೋ ಎಂದು ಆರಿಸುವ ಪುಟ್ಟ ಪಟ್ಟಿಯೊಂದನ್ನು ಇಂದಿಗೂ ಕಾಣಬಹುದು. ಹೆಚ್ಚಿನವರು ಅದನ್ನು ಗಮನಿಸದೆ ದಾಟಿಹೋಗುತ್ತಾರೆ.

ನಿಯಮಕ್ಕೂ ಒಂದು ದೌರ್ಬಲ್ಯವಿದೆಯೆಂಬುದನ್ನು ಮರೆಮಾಚಲಾಗದು. 1982ರಲ್ಲಿ ಪೋಸ್ಟೆಲ್ ಅವರೇ ರೂಪಿಸಿದ, ಮಿಂಚಂಚೆಯನ್ನು ಸಾಗಿಸುವ ಎಸ್‌ಎಂಟಿಪಿ ಎಂಬ ಕಟ್ಟಳೆಯಲ್ಲಿ ಕಳುಹಿಸುವವನ ಹೆಸರು ನಿಜವೇ ಎಂದು ಕೇಳುವವರಿರಲಿಲ್ಲ. ಆದುದರಿಂದ ಹೆಸರೊಂದನ್ನೇ ನಂಬಿದ ನಿಯಮವನ್ನು ಕಪಟಿಯು ವಂಚಿಸಬಲ್ಲನು. ಎಸ್‌ಪಿಎಫ್, ಡಿಕಿಮ್ ಎಂಬ ಪರೀಕ್ಷೆಗಳು ಬಂದು ಈ ಕೊರತೆ ಬಹುಮಟ್ಟಿಗೆ ತುಂಬಿದೆ. ಹಾಗಿದ್ದರೂ ನಾನು ನಿಯಮದ ಪಕ್ಷವನ್ನು ಬಿಡಲಾರೆ, ಅದಕ್ಕೆ ಕಾರಣವುಂಟು. ನನ್ನ ಬಾಲ್ಯದ ಗೆಳೆಯರೊಬ್ಬರು ಮಗಳ ಮದುವೆಯ ಕರೆಯೋಲೆಯನ್ನು ಚಿತ್ರವಾಗಿ ಅಂಟಿಸಿ, ಮೇಲೆ ಒಂದೇ ಸಾಲು ಬರೆದು ಮಿಂಚಂಚೆಯಲ್ಲಿ ಕಳುಹಿಸಿದ್ದರು. ಚಿತ್ರ ಹೆಚ್ಚು, ಮಾತು ಕಡಿಮೆ. ಶೋಧಕಕ್ಕೆ ಅದು ಜಾಹೀರಾತಾಗಿ ಕಂಡಿರಬೇಕು. “ನೀನೊಬ್ಬ ಬರಲಿಲ್ಲವಲ್ಲಯ್ಯ” ಎಂದು ಅವರು ದೂರವಾಣಿಯಲ್ಲಿ ಕೇಳಿದಾಗ, ಮದುವೆ ಕಳೆದು ಹನ್ನೊಂದು ದಿನವಾಗಿತ್ತು. ರದ್ದಿಯ ಕಡತವನ್ನು ತೆರೆದು ನೋಡಿದರೆ, ಸಾಲದ ಆಮಿಷಗಳ ಮತ್ತು ಲಾಟರಿಯ ಸುಳ್ಳುಗಳ ನಡುವೆ, ಅರಿಸಿನದ ಅಂಚು ಬರೆದ ಆ ಕರೆಯೋಲೆ ಇತ್ತು. ಅವರ ಹೆಸರಿಗೆ ಒಂದು ನಿಯಮವನ್ನು ಆ ರಾತ್ರಿಯೇ ಬರೆದೆನು; ಬರೆಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಅವರು ಯಾರೆಂಬುದು ನನಗೆ ಐವತ್ತು ವರ್ಷಗಳಿಂದ ಗೊತ್ತಿತ್ತು. ಯಂತ್ರಕ್ಕೆ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಪತ್ರಪೆಟ್ಟಿಗೆಯಲ್ಲಿ, ಯಾರ ಓಲೆ ಕಳೆದುಹೋಗಬಾರದೋ ಅಂಥವರ ಹೆಸರುಗಳಿಗೆ ಒಂದೊಂದು ನಿಯಮವನ್ನು ಇಂದೇ ಬರೆದಿಡಿ, ಅಪರಿಚಿತರನ್ನು ಶೋಧಕಕ್ಕೆ ಬಿಡಿ, ವಾರಕ್ಕೊಮ್ಮೆ ರದ್ದಿಯ ಕಡತವನ್ನು ತೆರೆದು ನೋಡಿ. ಜಿಮೇಲಿನಲ್ಲಿ ಆ ಕಡತಕ್ಕೆ ಸೇರಿದ ಪತ್ರ ಮೂವತ್ತು ದಿನಗಳಾದ ಮೇಲೆ ತಾನಾಗಿ ಅಳಿದುಹೋಗುತ್ತದೆ.