ಕಡೆಗೆ ಬಂದದ್ದು ಮೊದಲು: ಒಂದು ಕಾರ್ಡಿನಾಟದ ನಿಯಮಗಳ ಇತಿಹಾಸ

ಇತಿಹಾಸವೆಂದರೆ ರಾಜರ ವಂಶಾವಳಿ ಮತ್ತು ಯುದ್ಧಗಳ ಇಸವಿ ಮಾತ್ರವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಕಾನೂನಿಗೂ ವ್ಯಾಕರಣಕ್ಕೂ ಇತಿಹಾಸವಿರುವಂತೆ ಆಟದ ನಿಯಮಗಳಿಗೂ ಒಂದು ಇತಿಹಾಸವಿರುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮಕ್ಕಳು ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನಾಟದಲ್ಲಿ ಮಗ್ನರಾಗಿರುತ್ತಾರೆಂದು ಕೇಳಿದ್ದೇನೆ. ಮಾಟಗಾರರು, ದೈತ್ಯರು, ಮಂತ್ರಗಳು ತುಂಬಿರುವ ಈ ಆಟವನ್ನು ಬರಿಯ ಹುಚ್ಚಾಟವೆಂದು ತಳ್ಳಿಹಾಕುವ ಮುನ್ನ ಅದರೊಳಗಿರುವ ಒಂದು ಗಂಭೀರವಾದ ಪ್ರಶ್ನೆಯತ್ತ ನಿಮ್ಮ ಗಮನ ಸೆಳೆಯಬಯಸುತ್ತೇನೆ. ಎರಡು ಕಾರ್ಡುಗಳ ಮಾತು ಒಂದಕ್ಕೊಂದು ವಿರುದ್ಧವಾದಾಗ ಯಾವ ಮಾತು ನಡೆಯಬೇಕು?

ಈ ಆಟವನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅವರು 1991ರಲ್ಲಿ ಪೀಟರ್ ಅಡ್ಕಿಸನ್ ಎಂಬ ಪ್ರಕಾಶಕರನ್ನು ಭೇಟಿಯಾದರು. ಸುಲಭವಾಗಿ ಒಯ್ಯಬಹುದಾದ, ಬೇಗ ಮುಗಿಯುವ ಆಟವೊಂದು ಬೇಕೆಂದು ಅಡ್ಕಿಸನ್ ಕೇಳಿದರು. ಅವರ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 1993ರ ಆಗಸ್ಟ್‌ನಲ್ಲಿ ಈ ಆಟವನ್ನು ಹೊರತಂದಿತು. ಮೊದಲ ಮುದ್ರಣದಲ್ಲಿ 295 ಬಗೆಯ ಕಾರ್ಡುಗಳಿದ್ದವು.

ಇಸ್ಪೀಟಿನ ಎಲೆಗಳಿಗೆ ಮಾತಿಲ್ಲ, ನಿಯಮಗಳೆಲ್ಲ ಆಟದ್ದು. ಇಲ್ಲಿ ಹಾಗಲ್ಲ. ಪ್ರತಿಯೊಂದು ಕಾರ್ಡಿನ ಮೇಲೂ ಅದು ಏನು ಮಾಡುತ್ತದೆಂದು ಬರೆದಿದೆ, ಮತ್ತು ನಿಯಮಪುಸ್ತಕಕ್ಕೂ ಕಾರ್ಡಿಗೂ ವಿರೋಧ ಬಂದರೆ ಕಾರ್ಡೇ ಗೆಲ್ಲುತ್ತದೆ. ನಮ್ಮ ವ್ಯಾಕರಣದಲ್ಲಿ ಸ್ವರದ ಮುಂದೆ ಸ್ವರ ಬಂದರೆ ಸಂಧಿಯೆಂಬ ಸಾಮಾನ್ಯ ನಿಯಮಕ್ಕೆ ಪ್ರಕೃತಿಭಾವವು ಅಪವಾದವಾದಂತೆ ಇದು. ಅಪವಾದ ಒಂದೇ ಇದ್ದರೆ ತೊಡಕಿಲ್ಲ. ಆದರೆ ನೂರಾರು ಕಾರ್ಡುಗಳು ನೂರಾರು ಅಪವಾದಗಳಾಗಿ, ಅವುಗಳಲ್ಲಿ ಎರಡು ಎದುರುಬದುರಾದಾಗ ನಿರ್ಣಯ ಹೇಳುವವರು ಯಾರು?

ತೊಂದರೆ ಅಚ್ಚಾಗುವ ಮೊದಲೇ ಕಾಣಿಸಿಕೊಂಡಿತ್ತು. ಪ್ರಯೋಗದ ಹಂತದ ಒಂದು ಕಾರ್ಡಿನಲ್ಲಿ ಎದುರಾಳಿಯು ಮುಂದಿನ ಸರದಿಯನ್ನು ಕಳೆದುಕೊಳ್ಳುತ್ತಾನೆಂಬ ಅರ್ಥದ ಇಂಗ್ಲಿಷ್ ವಾಕ್ಯವಿತ್ತು. ಇಂಗ್ಲಿಷಿನ ‘ಲೂಸ್’ ಎಂಬ ಕ್ರಿಯಾಪದಕ್ಕೆ ಕಳೆದುಕೊಳ್ಳು ಎಂದೂ ಸೋಲು ಎಂದೂ ಎರಡರ್ಥ. ಆಡಿ ನೋಡುತ್ತಿದ್ದವನೊಬ್ಬ ಅದನ್ನು ‘ಮುಂದಿನ ಸರದಿಯಲ್ಲಿ ಸೋಲುತ್ತಾನೆ’ ಎಂದು ಓದಿಕೊಂಡು, ಆ ಕಾರ್ಡು ಬಂದಾಗಲೆಲ್ಲ ತಾನೇ ಗೆದ್ದೆನೆಂದುಕೊಂಡನಂತೆ! ಭಾಷೆ ಕಲಿಸಿದ ನನಗೆ ಈ ಪ್ರಸಂಗ ಬಹಳ ಹಿಡಿಸಿತು. ಒಂದು ಪದದ ಸಂದಿಗ್ಧತೆಯಿಂದ ಇಡೀ ಆಟದ ಸೋಲುಗೆಲುವು ನಿರ್ಧಾರವಾಗಿಬಿಡುತ್ತಿತ್ತು. ಮುಂದೆ ಆ ಕಾರ್ಡಿಗೆ ‘ಟೈಮ್ ವಾಕ್’ ಎಂದು ಹೆಸರಾಗಿ, ಅದರ ವಾಕ್ಯವೂ ತಿದ್ದುಪಡಿಯಾಯಿತು.

ಮೊದಲ ವರ್ಷಗಳಲ್ಲಿ ಈ ಗೊಂದಲಕ್ಕೆ ಕಂಡುಕೊಂಡ ಪರಿಹಾರವು ದರ್ಜೆಯದು. ‘ಇಂಟರಪ್ಟ್’ ಎಂಬ ವರ್ಗದ ಮಂತ್ರಗಳಿಗೆ ‘ಇನ್‌ಸ್ಟೆಂಟ್’ ಎಂಬ ವರ್ಗಕ್ಕಿಂತ ಹೆಚ್ಚಿನ ವೇಗವಿದೆಯೆಂದು ವಿಧಿಸಿದರು. ಇಂಟರಪ್ಟಿಗೆ ಇನ್ನೊಂದು ಇಂಟರಪ್ಟಿನಿಂದಷ್ಟೇ ಉತ್ತರ ಕೊಡಬಹುದಿತ್ತು. ಆಟಗಾರನ ಪ್ರಾಣಸಂಖ್ಯೆ ಸೊನ್ನೆಗೆ ಇಳಿದರೂ ಆ ಹಂತ ಮುಗಿಯುವವರೆಗೆ ಅವನು ಸೋತಂತಾಗುತ್ತಿರಲಿಲ್ಲ. ಮನೆಯ ಜಗಲಿಯಲ್ಲಿ ಆಡುವವರು ಹೇಗೋ ಹೊಂದಿಸಿಕೊಂಡಾರು. ಆದರೆ 1994ರಲ್ಲಿ ಮಿಲ್ವಾಕಿಯಲ್ಲಿ ವಿಶ್ವಸ್ಪರ್ಧೆ ನಡೆಯಿತು. 1996ರಲ್ಲಿ ನ್ಯೂಯಾರ್ಕಿನಲ್ಲಿ ಹಣದ ಬಹುಮಾನವಿದ್ದ ‘ಪ್ರೊ ಟೂರ್’ ಸ್ಪರ್ಧೆ ಆರಂಭವಾಯಿತು. ಅಂದಮೇಲೆ ಒಂದೂರಿನ ತೀರ್ಪುಗಾರ ಹೇಳಿದ್ದು ಇನ್ನೊಂದೂರಿನಲ್ಲಿಯೂ ನಿಲ್ಲಬೇಕಾಯಿತು.

1999ರಲ್ಲಿ ಬಂದ ಆರನೆಯ ಆವೃತ್ತಿ ಇಂಟರಪ್ಟ್ ವರ್ಗವನ್ನೇ ತೆಗೆದುಹಾಕಿ, ದರ್ಜೆಯ ಬದಲು ಕ್ರಮವನ್ನು ನೆಲೆಗೊಳಿಸಿತು. ಇದಕ್ಕೆ ‘ಸ್ಟ್ಯಾಕ್’, ಅಂದರೆ ಅಟ್ಟಿ, ಎಂದು ಹೆಸರು. ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ ಉತ್ತರಪತ್ರಿಕೆಗಳನ್ನು ನೆನೆದುಕೊಳ್ಳಿ. ಕಡೆಗೆ ಇಟ್ಟದ್ದು ಮೇಲಿರುತ್ತದೆ. ಮೊದಲು ಕೈಗೆ ಬರುವುದೂ ಅದೇ. ಪ್ರತಿಯೊಂದು ನೆರವೇರಿದ ಮೇಲೂ ಮುಂದಿನದನ್ನು ಎತ್ತಿಕೊಳ್ಳುವ ಮುನ್ನ ಇಬ್ಬರಿಗೂ ಪ್ರತಿಕ್ರಿಯಿಸುವ ಅವಕಾಶವುಂಟು.

ಒಂದು ನಿದರ್ಶನ ನೋಡೋಣ. ನಿಮ್ಮಲ್ಲಿ ಬಲ 2, ತಾಳಿಕೆ 2 ಇರುವ ಕರಡಿಯೊಂದಿದೆ. ಎದುರಾಳಿಯು ಅದರ ಮೇಲೆ 3 ಪೆಟ್ಟಿನ ‘ಲೈಟ್ನಿಂಗ್ ಬೋಲ್ಟ್’ ಎಂಬ ಸಿಡಿಲನ್ನು ಪ್ರಯೋಗಿಸುತ್ತಾನೆ. ಅದು ನೆರವೇರುವ ಮುನ್ನ ನೀವು, ಆ ಸರದಿಯ ಮಟ್ಟಿಗೆ ಬಲ ತಾಳಿಕೆಗಳೆರಡನ್ನೂ 3ರಷ್ಟು ಹೆಚ್ಚಿಸುವ ‘ಜೈಂಟ್ ಗ್ರೋತ್’ ಮಂತ್ರವನ್ನು ಹೂಡುತ್ತೀರಿ. ಕಡೆಗೆ ಬಂದ ನಿಮ್ಮ ಮಂತ್ರ ಮೊದಲು ಫಲಿಸಿ ತಾಳಿಕೆ 5 ಆಗುತ್ತದೆ. ಸಿಡಿಲು ಬಡಿದರೂ ಕರಡಿ ಬದುಕುತ್ತದೆ. ಇನ್ನು ಕ್ರಮವನ್ನು ತಿರುಗಿಸಿ. ನೀವು ಮೊದಲು ಬಲವರ್ಧನೆಗೆ ತೊಡಗಿದಿರಿ, ಅವನು ಅದಕ್ಕೆ ಪ್ರತಿಯಾಗಿ ಸಿಡಿಲೆಸೆದ. ಈಗ ಸಿಡಿಲು ಮೊದಲು ಫಲಿಸಿ ಕರಡಿ ಸಾಯುತ್ತದೆ. ನಿಮ್ಮ ಮಂತ್ರಕ್ಕೆ ಗುರಿಯೇ ಉಳಿಯುವುದಿಲ್ಲ. ಕಾರ್ಡುಗಳು ಅವೇ, ಬದಲಾದದ್ದು ಅನುಕ್ರಮವೊಂದೇ.

ತರ್ಕವನ್ನು ಎಲ್ಲಿಯವರೆಗೆ ಎಳೆಯಬೇಕೆಂಬುದೂ ಒಂದು ಪ್ರಶ್ನೆ. ಕಾಳಗದ ಪೆಟ್ಟನ್ನು ಸಹ 1999ರಲ್ಲಿ ಅಟ್ಟಿಗೆ ಸೇರಿಸಿದ್ದರು. ಇದರಿಂದ ‘ಮಾಗ್ ಫೆನಾಟಿಕ್’ ಎಂಬ ಪುಟ್ಟ ಜೀವಿ ತನ್ನ ಪೆಟ್ಟನ್ನು ಅಟ್ಟಿಯ ಮೇಲಿಟ್ಟು, ಅದು ಫಲಿಸುವ ಮುನ್ನ ಆತ್ಮಾಹುತಿ ಮಾಡಿಕೊಂಡು ಇನ್ನೊಂದು ಪೆಟ್ಟನ್ನೂ ಕೊಡಬಹುದಿತ್ತು. ಸತ್ತವನ ಏಟು ಆಮೇಲೆ ಬಂದು ತಾಗುತ್ತಿತ್ತು! ತರ್ಕಕ್ಕೆ ಸರಿಯಾದರೂ ಹೊಸಬರ ಬುದ್ಧಿಗೆ ಇದು ಒಗ್ಗುತ್ತಿರಲಿಲ್ಲ. 2009ರ ಜುಲೈನಲ್ಲಿ ಕಾಳಗದ ಪೆಟ್ಟನ್ನು ಅಟ್ಟಿಯಿಂದ ಹೊರಗಿಟ್ಟರು. ಹಳಬರು ಜಾಣ್ಮೆಗೆ ಎಡೆ ಕಡಿಮೆಯಾಯಿತೆಂದು ಗೊಣಗಿದರೂ ನಿಯಮ ಹಾಗೆಯೇ ನಿಂತಿತು.

ಆದರೆ ಎಲ್ಲ ವಿರೋಧಗಳನ್ನೂ ಅಟ್ಟಿಯು ಪರಿಹರಿಸಲಾರದು. ಮೇಜಿನ ಮೇಲೆ ನೆಲೆನಿಂತು ಸದಾ ಪ್ರಭಾವ ಬೀರುವ ಕಾರ್ಡುಗಳಿವೆ. 1997ರ ‘ಹ್ಯುಮಿಲಿಟಿ’ ಎಂಬ ಮಂತ್ರವು ಸಕಲ ಜೀವಿಗಳ ವಿಶೇಷ ಶಕ್ತಿಗಳನ್ನು ಕಿತ್ತುಕೊಂಡು ಅವುಗಳ ಬಲ ತಾಳಿಕೆಗಳನ್ನು 1ಕ್ಕೆ ಇಳಿಸುತ್ತದೆ. 1999ರ ‘ಓಪಲೆಸೆನ್ಸ್’ ಇಂತಹ ಇತರ ಮಂತ್ರಗಳನ್ನೇ ಜೀವಿಗಳನ್ನಾಗಿ ಮಾಡುತ್ತದೆ. ಎರಡೂ ಕೂಡಿದರೆ ಹ್ಯುಮಿಲಿಟಿ ತಾನೇ ಜೀವಿಯಾಗಿ ತನ್ನ ಶಕ್ತಿಯನ್ನು ತಾನೇ ಕಳೆದುಕೊಳ್ಳುತ್ತದೆ. ಶಕ್ತಿ ಹೋದಮೇಲೆ ಕಿತ್ತುಕೊಂಡವರು ಯಾರು? ಕುಳಿತ ಕೊಂಬೆಯನ್ನೇ ಕಡಿದವನ ಕಥೆಯಿದು.

ಇದಕ್ಕೆ ಉತ್ತರವಾಗಿ ನಿಯಮಸಂಹಿತೆಯಲ್ಲಿ ಏಳು ಪದರಗಳಿವೆ. ಪ್ರಭಾವಗಳನ್ನು ಈ ಪದರಗಳ ಕ್ರಮದಲ್ಲಿಯೇ ಲೆಕ್ಕಹಾಕಬೇಕು: ನಾಲ್ಕನೆಯದರಲ್ಲಿ ಕಾರ್ಡಿನ ಜಾತಿ, ಆರನೆಯದರಲ್ಲಿ ಶಕ್ತಿಗಳು, ಏಳನೆಯದರಲ್ಲಿ ಬಲ ತಾಳಿಕೆಗಳು. ಒಂದು ಪದರದಲ್ಲಿ ಆರಂಭವಾದ ಪ್ರಭಾವವು ನಡುವೆ ಮೂಲ ಅಳಿದರೂ ಉಳಿದ ಪದರಗಳಲ್ಲಿ ಪೂರ್ಣಗೊಳ್ಳುತ್ತದೆ. ಆದ್ದರಿಂದ ಹ್ಯುಮಿಲಿಟಿಯ ಆಜ್ಞೆ ಕೊನೆಯವರೆಗೂ ನಡೆಯುತ್ತದೆ. ಅದರದ್ದೇ ಬಲ ತಾಳಿಕೆಗಳು ಎಷ್ಟು? ಎರಡು ಮಂತ್ರಗಳಲ್ಲಿ ಮೇಜಿಗೆ ಆಮೇಲೆ ಬಂದದ್ದು ಹೇಳಿದಷ್ಟು: ಹ್ಯುಮಿಲಿಟಿ ಆಮೇಲೆ ಬಂದಿದ್ದರೆ 1, ಓಪಲೆಸೆನ್ಸ್ ಬಂದಿದ್ದರೆ 4.

2019ರಲ್ಲಿ ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್‌ಮನ್ ಮತ್ತು ಆಸ್ಟಿನ್ ಹೆರಿಕ್ ಎಂಬುವರು ಇನ್ನೂ ವಿಸ್ಮಯಕರವಾದ ಸಂಗತಿಯನ್ನು ಸಾಧಿಸಿ ತೋರಿಸಿದರು. ಈ ಕಾರ್ಡುಗಳನ್ನು ತಕ್ಕಂತೆ ಜೋಡಿಸಿದರೆ ಅವುಗಳಿಂದ ಯಾವುದೇ ಗಣಕದ ಲೆಕ್ಕವನ್ನು ನಡೆಸಬಹುದು; ಆದಕಾರಣ ಎಲ್ಲ ಸನ್ನಿವೇಶಗಳಲ್ಲಿಯೂ ಯಾರು ಗೆಲ್ಲುವರೆಂದು ಮುಂಚಿತವಾಗಿ ಹೇಳಬಲ್ಲ ಯಂತ್ರವಿಧಾನ ಇರಲಾರದು. ನಿಯಮಗಳೆಲ್ಲ ನಿಖರವಾಗಿದ್ದರೂ ಫಲಿತಾಂಶ ಮಾತ್ರ ಮುಂದಾಗಿ ತಿಳಿಯದು. ಪ್ರತಿಯೊಂದು ಹೆಜ್ಜೆಯೂ ಸರಿಯೇ ಎಂದು ಪರಿಶೀಲಿಸುವುದು ಮಾತ್ರ ಸಾಧ್ಯ.

ಈ ಚರಿತ್ರೆಯಿಂದ ನನಗೆ ತೋರುವುದಿಷ್ಟು. ಮೂರು ದಶಕಗಳ ಅವಧಿಯಲ್ಲಿ ಈ ಆಟವು ಯಾವ ಕಾರ್ಡು ದೊಡ್ಡದು ಎಂಬ ಪ್ರಶ್ನೆಯಿಂದ ಯಾವುದರ ಸರದಿ ಯಾವಾಗ ಎಂಬ ಪ್ರಶ್ನೆಗೆ ಬಂದು ನಿಂತಿತು. ದರ್ಜೆಯ ವ್ಯವಸ್ಥೆಯಲ್ಲಿ ದೊಡ್ಡ ದನಿಯವನಿಗೆ ಅನುಕೂಲ. ಕ್ರಮದ ವ್ಯವಸ್ಥೆಯಲ್ಲಿ ಹತ್ತು ವರ್ಷದ ಬಾಲಕಿಯೂ ಅನುಭವಿಯ ಎದುರು ತನ್ನ ವಾದವನ್ನು ಸ್ಥಾಪಿಸಬಲ್ಲಳು. ನಿಮ್ಮ ಮನೆಯಲ್ಲಿ ಮಕ್ಕಳು ಈ ಕಾರ್ಡುಗಳನ್ನು ಹಿಡಿದು ಜಗಳಕ್ಕೆ ನಿಂತರೆ ಗದರಿಸಿ ಕಿತ್ತುಕೊಳ್ಳಬೇಡಿ. ಯಾವುದಾದ ಮೇಲೆ ಯಾವುದು ಬಂತೆಂದು ಕ್ರಮವಾಗಿ ಹೇಳಿಸಿ, ಸಾವಧಾನವಾಗಿ ಕೇಳಿರಿ. ನ್ಯಾಯವಾದ ವಾದವೆಂದರೇನೆಂಬುದನ್ನು ಅವರು ಅಲ್ಲಿಯೇ ಕಲಿಯುತ್ತಿರುತ್ತಾರೆ.