ಎರೆಭೂತ ಅಥವಾ ಬಸ್ಟರ್ಡ್: ಒಂದು ಹಕ್ಕಿಯ ನಾಮವಿಚಾರ

ಕೃಷ್ಣಾತೀರದ ಉಗಾರ ಬುದ್ರುಕ, ಉಗಾರ ಖುರ್ದ ಎಂಬ ಎರಡು ಗ್ರಾಮಗಳ ಹೆಸರನ್ನು ಕೇಳದವರು ಬೆಳಗಾವಿ ಜಿಲ್ಲೆಯ ವಾಚಕರಲ್ಲಿ ವಿರಳ. ದಿನನಿತ್ಯ ನಾಲಗೆಯ ಮೇಲೆ ಆಡುವ ಈ ಹೆಸರುಗಳ ಉತ್ತರಪದಗಳು ಕನ್ನಡದವೂ ಅಲ್ಲ, ಮರಾಠಿಯವೂ ಅಲ್ಲ. ಅವು ಪಾರಸಿ ಭಾಷೆಯವು. 'ಬುಜುರ್ಗ' ಎಂದರೆ ಹಿರಿಯದು, 'ಖುರ್ದ' ಎಂದರೆ ಕಿರಿಯದು. ದಫ್ತರದ ಪಾರಸಿ ಶಬ್ದವು ಜನರ ಬಾಯಿಗೆ ಬಿದ್ದು, ಅಕ್ಷರಗಳು ಹಿಂದುಮುಂದಾಗಿ, 'ಬುದ್ರುಕ'ವಾಗಿ ನೆಲೆನಿಂತಿತು. ಆಡುವವರಿಗೆ ಮೂಲಾರ್ಥವು ಮರೆತುಹೋದರೂ ಹೆಸರು ಮಾತ್ರ ಅಳಿಯಲಿಲ್ಲ. ಊರುಗಳಿಗೆ ಸಲ್ಲುವ ಈ ನ್ಯಾಯವು ಹಕ್ಕಿಗಳಿಗೂ ಸಲ್ಲುವದು. ಎರೆಭೂಮಿಯ ಮಹಾಪಕ್ಷಿಯೊಂದರ ಇಂಗ್ಲಿಷ್ ಹೆಸರು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಕನ್ನಡಿಗರು ಎರೆಭೂತ, ಎರ್ಲಡ್ಡು ಎಂದೂ, ನೆರೆಯ ಮರಾಠಿಗರು ಮಾಳಢೋಕ ಎಂದೂ ಕರೆಯುವ ಈ ಹಕ್ಕಿಗೆ ಇಂಗ್ಲಿಷಿನಲ್ಲಿ 'ಗ್ರೇಟ್ ಇಂಡಿಯನ್ ಬಸ್ಟರ್ಡ್' ಎಂದು ಹೆಸರು. ಕರಿಯ ನೆತ್ತಿ, ಬಿಳುಪಾದ ನೀಳ ಕತ್ತು, ಕಂದು ಬೆನ್ನು, ಬಲವಾದ ಕಾಲುಗಳು ಇದರ ಲಕ್ಷಣ. ಗಂಡು ಸುಮಾರು ಒಂದು ಮೀಟರು ಎತ್ತರ ನಿಲ್ಲುವದು. ತೂಕವು 15 ಕಿಲೋಗ್ರಾಮಿನವರೆಗೂ ಇರುವದುಂಟು. ಹಾರಬಲ್ಲ ಪಕ್ಷಿಗಳಲ್ಲಿ ಇಷ್ಟು ಭಾರವಾದವು ಜಗತ್ತಿನಲ್ಲಿ ಕೆಲವೇ. ಇದು ಮರದ ಮೇಲೆ ಕೂಡ್ರದು, ಗೂಡು ಕಟ್ಟದು. ಹುಲ್ಲುಗಾವಲಿನ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡುವದು. ಮಿಡತೆ, ಹುಳು, ಹಲ್ಲಿ, ಕಾಳು, ಕಾಡುಹಣ್ಣು ಇದರ ಆಹಾರ. ಕಾಳುಗಳನ್ನು ಹೆಕ್ಕಿದರೂ ಪೀಡಕ ಕೀಟಗಳನ್ನು ತಿಂದು ಒಕ್ಕಲಿಗನಿಗೆ ಉಪಕಾರವನ್ನೇ ಮಾಡುವದು.

'ಬಸ್ಟರ್ಡ್' ಶಬ್ದದ ಮೂಲವನ್ನು ಅರಸುವವರು ಇಂಗ್ಲಂಡವನ್ನು ಬಿಟ್ಟು ಪ್ರಾಚೀನ ಗ್ರೀಸ ಮತ್ತು ರೋಮುಗಳಿಗೆ ಹೋಗಬೇಕಾಗುವದು. ಗ್ರೀಕರು ತಮ್ಮ ಪರಿಚಯದ ಬಸ್ಟರ್ಡನ್ನು 'ಓಟಿಸ್' ಎಂದರು. ಕಿವಿ ಎಂಬರ್ಥದ ಗ್ರೀಕ ಶಬ್ದದಿಂದ ಈ ಹೆಸರು ಹುಟ್ಟಿತು. ಕ್ರಿ. ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಕೈರಸನ ದಂಡಿನೊಡನೆ ಯೂಫ್ರೆಟಿಸ್ ನದಿಯ ಬಯಲಿನಲ್ಲಿ ನಡೆದ ಕ್ಸೆನೊಫನ್ ಎಂಬ ಗ್ರೀಕ ಲೇಖಕನು, ಸೈನಿಕರು ಅಲ್ಲಿ ಈ ಹಕ್ಕಿಗಳನ್ನು ಬೇಟೆಯಾಡಿದ್ದನ್ನು ತನ್ನ 'ಅನಾಬಸಿಸ್' ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಥಟ್ಟನೆ ಎಬ್ಬಿಸಿ ಓಡಿಸಿದರೆ ಅವು ಸ್ವಲ್ಪ ದೂರ ಹಾರಿ ಬೇಗನೆ ದಣಿಯುವವೆಂದೂ, ಆಗ ಹಿಡಿಯುವದು ಸುಲಭವೆಂದೂ, ಮಾಂಸವು ಬಹು ರುಚಿಯೆಂದೂ ಅವನ ಹೇಳಿಕೆಯ ತಾತ್ಪರ್ಯ. ಹಕ್ಕಿಯು ಮಂದವಾದದ್ದೆಂಬ ಅಪವಾದದ ಬೀಜವು ಈ ಬೇಟೆಗಾರರ ನೋಟದಲ್ಲಿಯೇ ಕಾಣುವದು.

ರೋಮಿನ ಪ್ಲಿನಿಯು ಕ್ರಿ. ಶ. ಒಂದನೆಯ ಶತಮಾನದಲ್ಲಿ ರಚಿಸಿದ ನಿಸರ್ಗಚರಿತ್ರೆಯ ಹತ್ತನೆಯ ಭಾಗದಲ್ಲಿ, ಗ್ರೀಕರು 'ಓಟಿಸ್' ಎನ್ನುವ ಹಕ್ಕಿಗೆ ಸ್ಪೇನ ದೇಶದವರು 'ಆವಿಸ್ ಟಾರ್ಡಾ' ಎನ್ನುವರೆಂದು ತಿಳಿಸಿದ್ದಾನೆ. ಲ್ಯಾಟಿನ ಭಾಷೆಯಲ್ಲಿ 'ಆವಿಸ್' ಎಂದರೆ ಪಕ್ಷಿ, 'ಟಾರ್ಡಾ' ಎಂದರೆ ಮಂದ. ಕೂಡಿಸಿದರೆ 'ಮಂದಪಕ್ಷಿ' ಎಂದಾಗುವದು. ಕ್ಸೆನೊಫನನು ರುಚಿಯೆಂದ ಮಾಂಸವನ್ನು ಪ್ಲಿನಿಯು ತಿನ್ನಲು ಅಯೋಗ್ಯವೆಂದು ಹಳಿದಿರುವದೊಂದು ವಿನೋದ. 'ಟಾರ್ಡಾ' ಎಂಬುದು ಲ್ಯಾಟಿನ ಶಬ್ದವೇ ಅಲ್ಲ, ಸ್ಪೇನಿನ ಯಾವುದೋ ಪ್ರಾಚೀನ ದೇಶಭಾಷೆಯ ಶಬ್ದವಿರಬಹುದು. ಲ್ಯಾಟಿನ ಬಲ್ಲವರು ಅದಕ್ಕೆ ತಮಗೆ ಪರಿಚಿತವಾದ ಅರ್ಥವನ್ನು ಹಚ್ಚಿರಬಹುದು ಎಂಬ ಸಂಶಯವೂ ಪಂಡಿತರಲ್ಲಿ ಉಂಟು. ಆ ಸಂಶಯವು ನಿಜವಾದಲ್ಲಿ, ಎರಡು ಸಾವಿರ ವರ್ಷಗಳ ಕಾಲ ಈ ಹಕ್ಕಿಯು ಹೊತ್ತ 'ಮಂದ' ಎಂಬ ಬಿರುದು ಬರಿಯ ಕಿವಿತಪ್ಪಿನ ಫಲವೆಂದಾಗುವದು.

ಮೂಲವು ಹೇಗೆಯೇ ಇರಲಿ, 'ಆವಿಸ್ ಟಾರ್ಡಾ' ಎಂಬ ಎರಡು ಪದಗಳು ಜನರ ಬಾಯಲ್ಲಿ ಬೆಸೆದು ಒಂದಾದವು. ಸ್ಪೇನಿನಲ್ಲಿ 'ಅವುತಾರ್ದಾ', ಪೋರ್ತುಗಾಲದಲ್ಲಿ 'ಅಬೆತಾರ್ದಾ', ಇಟಲಿಯಲ್ಲಿ 'ಒತ್ತಾರ್ದಾ', ಫ್ರಾನ್ಸಿನಲ್ಲಿ 'ಉತಾರ್ದ್' ಎಂಬ ರೂಪಗಳು ಹುಟ್ಟಿದವು. ಹಳೆಯ ಫ್ರೆಂಚಿನಲ್ಲಿ 'ಬಿಸ್ತಾರ್ದ್', 'ಉಸ್ತಾರ್ದ್' ಎಂಬ ಎರಡು ರೂಪಗಳಿದ್ದವು. ನಾರ್ಮನ್ನರು ಇಂಗ್ಲಂಡವನ್ನು ಗೆದ್ದ ಬಳಿಕ ಅಲ್ಲಿ ಬೆಳೆದ ಫ್ರೆಂಚಿನಲ್ಲಿ ಇವೆರಡೂ ಕಲೆತು 'ಬುಸ್ತಾರ್ದ್' ಎಂದಾಗಿ, 15ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ 'ಬಸ್ಟರ್ಡ್' ರೂಪವು ನೆಲೆಗೊಂಡಿತು. ಬುಜುರ್ಗವು ಬುದ್ರುಕವಾದಂತೆ ಇಲ್ಲಿಯೂ ಅರ್ಥವು ಅಳಿದು ಶಬ್ದವು ಉಳಿಯಿತು. 1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಪಂಡಿತನು ಯುರೋಪದ ಬಸ್ಟರ್ಡಿಗೆ 'ಓಟಿಸ್ ಟಾರ್ಡಾ' ಎಂಬ ಶಾಸ್ತ್ರೀಯ ನಾಮವನ್ನಿಟ್ಟು, ಗ್ರೀಕರ ಕಿವಿಯನ್ನೂ ಪ್ಲಿನಿಯ ಮಾಂದ್ಯವನ್ನೂ ಒಂದುಗೂಡಿಸಿದನು.

ವಸಾಹತುಗಾರರೊಡನೆ ಹಕ್ಕಿಗಳ ಹೆಸರುಗಳೂ ಹಡಗು ಹತ್ತುವವು. ಕೆನಡಾಕ್ಕೆ ಹೋದ ಫ್ರೆಂಚರು ಅಲ್ಲಿಯ ದೊಡ್ಡ ಕಾಡುಬಾತನ್ನು 'ಉತಾರ್ದ್' ಎಂದು ಕರೆದರು. ಅದು ಬಸ್ಟರ್ಡಿನ ಕುಲದ್ದೇ ಅಲ್ಲ. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಡಚ್ಚರು ಅಲ್ಲಿಯ ಬಸ್ಟರ್ಡುಗಳಿಗೆ ತಮ್ಮ ಭಾಷೆಯ ನವಿಲಿನ ಹೆಸರನ್ನೇ ಕೊಟ್ಟರು. ಕಂಡ ಹಕ್ಕಿಯನ್ನು ಅದರಂತೆಯೇ ನೋಡದೆ, ತೌರಿನ ನೆನಪಿನಿಂದ ಹೆಸರಿಸುವದು ಪ್ರವಾಸಿಗಳ ಸ್ವಭಾವ. ಹಿಂದುಸ್ತಾನಕ್ಕೆ ಬಂದ ಆಂಗ್ಲರೂ ಇಲ್ಲಿಯ ಮಹಾಪಕ್ಷಿಯನ್ನು ಕಂಡು 'ಬಸ್ಟರ್ಡ್' ಎಂದರು. ಕುಲವು ಒಂದೇ ಆದ್ದರಿಂದ ಆ ಹೆಸರಿನಲ್ಲಿ ತಪ್ಪಿರಲಿಲ್ಲ.

ಆದರೆ ಇಲ್ಲಿ ಇತಿಹಾಸದ ಒಂದು ಕಠಿಣ ಯೋಗವನ್ನು ಗಮನಿಸಬೇಕು. ಭಾರತದ ಹಕ್ಕಿಗೆ 'ನೈಗ್ರಿಸೆಪ್ಸ್', ಅಂದರೆ ಕರಿದಲೆಯದು, ಎಂಬ ಶಾಸ್ತ್ರೀಯ ನಾಮವನ್ನು ವಿಗರ್ಸ್ ಎಂಬ ಪಂಡಿತನು ಕೊಟ್ಟದ್ದು 1831ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಗ್ಲಂಡದ ಸ್ವಂತ ಬಸ್ಟರ್ಡು ಬೇಟೆಗೂ ಬೇಸಾಯದ ವಿಸ್ತಾರಕ್ಕೂ ಬಲಿಯಾಗಿ ಆ ದ್ವೀಪದಿಂದ ಕಣ್ಮರೆಯಾಗುತ್ತಿತ್ತು. ಹೀಗೆ ಮನೆಯಲ್ಲಿ ಆಧಾರವನ್ನು ಕಳೆದುಕೊಂಡ ಹೆಸರು ಹೊರನಾಡಿನ ಹಕ್ಕಿಯ ಮೇಲೆ ಬಂದು ಕುಳಿತಿತು. ವಿಲ್ಟ್‌ಷೈರ್ ಪ್ರಾಂತದ ಲಾಂಛನದಲ್ಲಿ ಮಾತ್ರ ಹಕ್ಕಿಯ ಚಿತ್ರವು ಉಳಿಯಿತು. 2004ರಿಂದ ರಷಿಯದಿಂದ ಮರಿಗಳನ್ನು ತರಿಸಿ ಅಲ್ಲಿಯ ಬಯಲಿನಲ್ಲಿ ಮತ್ತೆ ನೆಲೆಗೊಳಿಸುವ ಪ್ರಯತ್ನವು ಆರಂಭವಾಯಿತು.

ಮದ್ರಾಸ ಸೈನ್ಯದ ವೈದ್ಯರಾಗಿದ್ದ ಜರ್ಡನ್ ಸಾಹೇಬರು 1862ರಿಂದ 1864ರ ವರೆಗೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ, ಇಂಗ್ಲಿಷ್ ಹೆಸರುಗಳೊಡನೆ ದೇಶಭಾಷೆಗಳ ಹೆಸರುಗಳನ್ನೂ ಸಂಗ್ರಹಿಸಿ ಉಪಕಾರ ಮಾಡಿದ್ದಾರೆ. ಈ ದೇಶದಲ್ಲಿ ಹಕ್ಕಿಗೆ ಹೆಸರುಗಳ ಕೊರತೆ ಎಂದೂ ಇರಲಿಲ್ಲ. ಬಾಬರ ಬಾದಶಹನು ಹಿಂದುಸ್ತಾನದ ಪಕ್ಷಿಗಳನ್ನು ಎಣಿಸುವಾಗ ಇದನ್ನು 'ಖರ್ಚಲ' ಎಂದು ಕರೆದು, ಇದರ ಸರ್ವಾಂಗದ ಮಾಂಸವೂ ಶ್ರೇಷ್ಠವೆಂದು ಹೊಗಳಿದ್ದಾನೆ. ಹಿಂದಿಯವರು 'ಸೋಹನ ಚಿಡಿಯಾ', ಅಂದರೆ ಚೆಲುವಾದ ಹಕ್ಕಿ ಎಂದರು. ರಾಜಸ್ಥಾನದವರು 'ಗೋಡಾವಣ' ಎಂದರು. ಮರಾಠಿಯ 'ಮಾಳ'ವೆಂದರೆ ಬಯಲು ದಿನ್ನೆ, 'ಢೋಕ'ವೆಂದರೆ ಕೊಕ್ಕರೆಯ ಜಾತಿಯ ಹಕ್ಕಿ. ಆದುದರಿಂದ ಮಾಳಢೋಕವು ಬಯಲಿನ ಕೊಕ್ಕರೆ. ಕನ್ನಡದ 'ಎರೆ'ಯು ಕಪ್ಪು ನೆಲ. ಎರೆಭೂತವು ಆ ನೆಲದ ಭೂತ. ಆಂಗ್ಲನಾಮವು ಹಕ್ಕಿಯ ವೇಗವನ್ನು ಅಳೆದರೆ, ಕನ್ನಡ ಮರಾಠಿಗಳ ನಾಮಗಳು ಅದರ ನೆಲೆಯನ್ನು ಹೇಳುವವು. ಗಡಿಯ ಎರಡೂ ಬದಿಯ ಜನರು ಭಾಷೆ ಬೇರೆಯಾದರೂ ಹಕ್ಕಿಯನ್ನು ನೆಲದಿಂದ ಬೇರ್ಪಡಿಸಿ ನೋಡಲಿಲ್ಲವೆಂಬದು ಇದರಿಂದ ಸ್ಪಷ್ಟವಾಗುವದು.

ಪರಭಾಷೆಯ ಹೆಸರಿನಿಂದ ಹಕ್ಕಿಗೆ ನಷ್ಟವೂ ಆಯಿತೆಂದು ಹೇಳುವರು. ಸ್ವತಂತ್ರ ಭಾರತಕ್ಕೆ ರಾಷ್ಟ್ರಪಕ್ಷಿಯನ್ನು ಆರಿಸುವ ಪ್ರಸಂಗ ಬಂದಾಗ, ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಇದರ ಪಕ್ಷವನ್ನು ವಹಿಸಿದರು. ನವಿಲಿಗೆ ಸಹಜವಾಗಿಯೇ ಮನ್ನಣೆ ಇದೆ, ಅಳಿವಿನ ಅಂಚಿಗೆ ಸರಿಯುತ್ತಿರುವ ಹಕ್ಕಿಗೇ ಈ ಗೌರವದ ಆಸರೆ ಬೇಕು ಎಂಬ ವಾದಕ್ಕೆ ಬಲವಿತ್ತು. ಆದರೆ 'ಬಸ್ಟರ್ಡ್' ಎಂಬುದರಲ್ಲಿ ಒಂದೇ ಅಕ್ಷರ ತಪ್ಪಿದರೂ ಅದು ಇಂಗ್ಲಿಷಿನ ಹೀನ ಬೈಗುಳವಾಗುವದೆಂಬ ಅಳುಕು ಅಡ್ಡ ಬಂದಿತೆಂಬ ಮಾತು ಪ್ರಚಾರದಲ್ಲಿದೆ. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ನವಿಲಿನ ಯೋಗ್ಯತೆಯಲ್ಲಿ ಯಾರಿಗೂ ಸಂದೇಹವಿಲ್ಲ. ಆದರೂ ಮಾಳಢೋಕ, ಗೋಡಾವಣ, ಎರೆಭೂತ ಎಂಬ ನಿರ್ದೋಷ ನಾಮಗಳಿರುವ ಹಕ್ಕಿಯನ್ನು ಪರಕೀಯ ನಾಮದ ಉಚ್ಚಾರಕ್ಕೆ ಅಂಜಿ ಹಿಂದೆ ಸರಿಸಿದ್ದು ನಿಜವಾದರೆ, ಅದು ಹಕ್ಕಿಯ ದೋಷವಲ್ಲ; ತನ್ನ ಮಾತನ್ನು ತಾನೇ ಮರೆತ ಸುಶಿಕ್ಷಿತ ಸಮಾಜದ ದೋಷ.

ಇತ್ತ ಹೆಸರಿಗೆ ಆಧಾರವಾದ ನೆಲವೂ ಬದಲಾಯಿತು. ದಖ್ಖಣದ ಎರೆಭೂಮಿಯಲ್ಲಾದ ಪರಿವರ್ತನೆಗೆ ಉಗಾರದ ಸೀಮೆಯೇ ಒಂದು ಸಾಕ್ಷಿ. 1939ರಲ್ಲಿ ಉಗಾರ ಖುರ್ದಿನ ಸಕ್ಕರೆಯ ಕಾರಖಾನೆಯು ಸ್ಥಾಪಿತವಾಯಿತು. ಕೃಷ್ಣೆಯ ನೀರು ಹರಿದಲ್ಲೆಲ್ಲ ಕಬ್ಬು ಬೆಳೆಯಿತು. ಒಕ್ಕಲುತನಕ್ಕೆ ಇದರಿಂದ ಏಳಿಗೆಯೇ ಆಯಿತು. ಅದನ್ನು ಹಳಿಯುವದು ನ್ಯಾಯವಲ್ಲ. ಆದರೆ ನಾಡಿನ ಬೇರೆ ಬೇರೆ ಕಡೆಗಳಲ್ಲಿ ನೀರಾವರಿಯು ಹಬ್ಬಿದಂತೆ, ಮಡ್ಡಿ ಗಾಯರಾಣಗಳು ಉಳುಮೆಗೆ ಬಂದಂತೆ, ಬರಿ ನೆಲದ ಮೇಲೆ ತತ್ತಿಯಿಡುವ ಹಕ್ಕಿಗೆ ಸ್ಥಳವು ಇಲ್ಲದಾಯಿತು. 'ಬಂಜರು' ಎಂದು ಕಾಗದಪತ್ರಗಳಲ್ಲಿ ಬರೆಯಲ್ಪಟ್ಟ ಹುಲ್ಲುಗಾವಲೇ ಅದರ ಮನೆಯಾಗಿತ್ತು. ರಾಣೇಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ವನ್ಯಧಾಮವು ಕೃಷ್ಣಮೃಗಗಳೊಡನೆ ಈ ಹಕ್ಕಿಗೂ ಹೆಸರಾಗಿತ್ತು. ಆದರೆ ಬಯಲನ್ನು ನೀಲಗಿರಿಯ ತೋಪುಗಳು ಆವರಿಸಿದಲ್ಲಿ ಬಯಲಿನ ಹಕ್ಕಿ ನಿಲ್ಲಲಾರದು. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಇದು ಕಾಣಸಿಕ್ಕಿರುವದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಅದೂ ಬೆರಳೆಣಿಕೆಯಷ್ಟು.

1969ರಲ್ಲಿ ದೇಶದಲ್ಲೆಲ್ಲ ಸುಮಾರು 1260 ಹಕ್ಕಿಗಳಿರಬಹುದೆಂದು ಅಂದಾಜು ಮಾಡಲಾಗಿತ್ತು. 1972ರ ವನ್ಯಜೀವಿ ಸಂರಕ್ಷಣೆಯ ಕಾಯದೆಯು ಇದಕ್ಕೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟಿತು. ಆದರೂ 2018ರ ಸುಮಾರಿಗೆ ಸಂಖ್ಯೆಯು 150ರ ಆಸುಪಾಸಿಗೆ ಇಳಿಯಿತು. ಉಳಿದವುಗಳಲ್ಲಿ ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿವೆ. ಅಲ್ಲಿ ವಿದ್ಯುತ್ತಿನ ತಂತಿಗಳು ಹೊಸ ಮೃತ್ಯುವಾಗಿ ಬಂದವು. ಈ ಹಕ್ಕಿಯ ದೃಷ್ಟಿಯು ಪಕ್ಕಕ್ಕೆ ವಿಶಾಲವಾದರೂ ನೇರ ಮುಂದಕ್ಕೆ ಸಂಕುಚಿತ. ತಂತಿಯು ಕಂಡಾಗಲೂ ಭಾರವಾದ ದೇಹವನ್ನು ಥಟ್ಟನೆ ತಿರುಗಿಸಿಕೊಳ್ಳಲಾರದು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತಂತಿಗಳ ವಿಷಯದಲ್ಲಿ ಆಜ್ಞೆ ಮಾಡುವ ಮಟ್ಟಿಗೆ ಸಂಕಟವು ಬೆಳೆಯಿತು. ಜೈಸಲ್ಮೇರ ಪ್ರಾಂತದಲ್ಲಿ 2019ರಿಂದ ತತ್ತಿಗಳನ್ನು ತಂದು ಮರಿಮಾಡಿಸಿ ಸಾಕುವ ಪ್ರಯತ್ನವು ನಡೆದಿದೆ.

ಹೀಗೆ ನೋಡಿದರೆ ಪ್ಲಿನಿಯ ಕಾಲದ ಹೆಸರಿಗೆ ಇಂದು ಬೇರೊಂದು ಅರ್ಥವು ಹೊಳೆಯುವದು. ಹಕ್ಕಿಯು ಹಾರುವದರಲ್ಲಿ ಮಂದವಲ್ಲ. ಮೇಲಕ್ಕೇಳುವದು ಕಷ್ಟವಾದರೂ ಎದ್ದ ಮೇಲೆ ಬಹುದೂರ ಬಲವಾಗಿ ಹಾರಬಲ್ಲದು. ಅದು ಮಂದವಾದದ್ದು ಸಂತಾನವೃದ್ಧಿಯಲ್ಲಿ. ಒಂದು ಸಲಕ್ಕೆ ಒಂದೇ ತತ್ತಿ. ಅದನ್ನು ನಾಯಿ, ನರಿ, ಕಾಗೆಗಳಿಂದ ಉಳಿಸಿಕೊಳ್ಳಬೇಕು. ಮರಿಯು ಬೆಳೆದು ಜೋಡಿಯಾಗಲು ವರ್ಷಗಳೇ ಬೇಕು. ಕಳೆದುಕೊಂಡದ್ದನ್ನು ಬೇಗನೆ ತುಂಬಿಕೊಳ್ಳುವ ಶಕ್ತಿಯು ಅದಕ್ಕಿಲ್ಲ. ಮನುಷ್ಯನ ಅವಸರದ ಯುಗದಲ್ಲಿ ಈ ಮಾಂದ್ಯವೇ ಅದಕ್ಕೆ ಅಪಾಯವಾಯಿತು.

ಬುದ್ರುಕದ ಅರ್ಥವನ್ನು ಮರೆತರೂ ಉಗಾರ ಬುದ್ರುಕವು ಕೃಷ್ಣೆಯ ದಂಡೆಯ ಮೇಲೆಯೇ ಇದೆ. ಅರ್ಥವನ್ನು ಯಾವಾಗ ಬೇಕಾದರೂ ಹುಡುಕಿಕೊಳ್ಳಬಹುದು. ಹಕ್ಕಿಯ ವಿಷಯವು ಹಾಗಲ್ಲ. ಎರೆಭೂತವೆಂಬ ಶಬ್ದವನ್ನು ನಿಘಂಟಿನಲ್ಲಿ ಬರೆದಿಡಬಹುದು, ಅದರ ವ್ಯುತ್ಪತ್ತಿಯನ್ನು ಶಾಲೆಯ ಮಕ್ಕಳಿಗೆ ಹೇಳಬಹುದು; ಆದರೆ ಆ ಹೆಸರನ್ನು ಪಡೆದ ಜೀವವು ಎರೆಯಿಂದ ಒಮ್ಮೆ ಹೋದರೆ ಹೆಸರು ಬರಿಯ ಭೂತವಾಗಿಯೇ ಉಳಿಯುವದು. ಇಂಗ್ಲಂಡದ ಉದಾಹರಣೆಯು ಕಣ್ಣ ಮುಂದಿದೆ. ಸ್ವಂತ ಹಕ್ಕಿಯನ್ನು ಕಳೆದುಕೊಂಡು, ಲಾಂಛನದಲ್ಲಿ ಅದರ ಚಿತ್ರವನ್ನಿಟ್ಟುಕೊಂಡು, ಒಂದೂವರೆ ನೂರು ವರ್ಷಗಳಿಗೂ ಮಿಕ್ಕಿದ ಮೇಲೆ ಪರದೇಶದಿಂದ ಮರಿಗಳನ್ನು ತರಿಸಿದ ದೇಶವದು. ಭಾರತದ ಹಕ್ಕಿಗೆ ಹಾಗೆ ಮರಿಗಳನ್ನು ಕೊಡಬಲ್ಲ ಬೇರೆ ದೇಶವು ಇಲ್ಲ. ಸಿರುಗುಪ್ಪದ ಹೊಲಗಳಲ್ಲಿಯೂ ಜೈಸಲ್ಮೇರದ ಮರಳಿನಲ್ಲಿಯೂ ಉಳಿದಿರುವ ಕೆಲವೇ ಹಕ್ಕಿಗಳ ಮೇಲೆ ಅದರ ಎಲ್ಲ ಹೆಸರುಗಳ ಭಾರವೂ ನಿಂತಿದೆ.